ಮೈದಾನದ ಹಣ ಎಲ್ಲಿಂದ ಬರುತ್ತದೆ?
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ಅಮೆರಿಕದ ಸಣ್ಣ ಕಾಲೇಜುಗಳು ತಮ್ಮ ಕ್ರೀಡಾ ವಿಭಾಗಗಳನ್ನು ಯಾವ ಹಣದಿಂದ ನಡೆಸುತ್ತವೆ, ಅಲ್ಲಿನ ನ್ಯಾಯಾಲಯಗಳ ತೀರ್ಪುಗಳಿಂದ ಅವುಗಳಿಗೆ ಒದಗಿರುವ ಕಷ್ಟವೇನು ಎಂಬುದು ಇಂದಿನ ನನ್ನ ವಿಷಯ. ಅಲ್ಲಿಯ ಲೆಕ್ಕ ನಮಗೇಕೆ ಎಂದು ನೀವು ಕೇಳಬಹುದು. ಕಾರಣಗಳು ಎರಡು. ಕ್ರೀಡಾ ವಿದ್ಯಾರ್ಥಿವೇತನ ಪಡೆದು ನಮ್ಮ ದೇಶದ ಮಕ್ಕಳೂ ಅಲ್ಲಿ ಓದಿದ್ದಾರೆ. ದೆಹಲಿಯ ಎತ್ತರ ಜಿಗಿತಗಾರ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಹಾಗೆ ಓದಿದವರು. ಎರಡನೆಯದಾಗಿ, ವಿದ್ಯಾಸಂಸ್ಥೆಗಳನ್ನು ಕಟ್ಟುವ ನಮ್ಮಂಥವರಿಗೆ ಅಲ್ಲಿಯ ಅನುಭವದಲ್ಲಿ ಕಲಿಯುವುದಿದೆ.

ಮೊದಲು ಅಲ್ಲಿಯ ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಸುಮಾರು 1,100 ಕಾಲೇಜುಗಳು ಎನ್‌ಸಿಎಎ ಎಂಬ ಕ್ರೀಡಾ ಸಂಸ್ಥೆಯ ಸದಸ್ಯರು. ಅವುಗಳಲ್ಲಿ ಮೂರು ವಿಭಾಗಗಳಿವೆ. ಒಂದನೆಯ ಮತ್ತು ಎರಡನೆಯ ವಿಭಾಗದ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡಬಹುದು. ಮೂರನೆಯ ವಿಭಾಗದವು ಕೊಡುವಂತಿಲ್ಲ. ಟಿ.ವಿ.ಯಲ್ಲಿ ನಾವು ನೋಡುವ ಲಕ್ಷ ಜನ ಹಿಡಿಸುವ ಕ್ರೀಡಾಂಗಣಗಳು ಒಂದನೆಯ ವಿಭಾಗದ ದೊಡ್ಡ ವಿಶ್ವವಿದ್ಯಾನಿಲಯಗಳವು. ಅದೇ ವಿಭಾಗದಲ್ಲಿ ಎರಡು ಮೂರು ಸಾವಿರ ವಿದ್ಯಾರ್ಥಿಗಳಿರುವ ಸಣ್ಣ ಕಾಲೇಜುಗಳೂ ಇವೆ. ತಮ್ಮ ಗಳಿಕೆಯಿಂದಲೇ ಖರ್ಚನ್ನು ತೂಗಿಸುವ ಕ್ರೀಡಾ ವಿಭಾಗಗಳು ಕೆಲವೇ ಕೆಲವು.

ಹಾಗಾದರೆ ಉಳಿದವುಗಳ ಹಣದ ಮೂಲ ಯಾವುದು? ಒಂದು, ಎಲ್ಲ ವಿದ್ಯಾರ್ಥಿಗಳಿಂದ ವಸೂಲು ಮಾಡುವ ಶುಲ್ಕ ಮತ್ತು ಕಾಲೇಜಿನ ಸಾಮಾನ್ಯ ನಿಧಿ. ಎರಡು, ಹಳೆಯ ವಿದ್ಯಾರ್ಥಿಗಳ ದೇಣಿಗೆ. ಮೂರು, ಎನ್‌ಸಿಎಎ ಹಂಚುವ ಪಾಲು. ಪುರುಷರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಟಿ.ವಿ. ಹಕ್ಕೇ ಇದರ ಮುಖ್ಯ ಮೂಲ. ಈ ಪಂದ್ಯಾವಳಿಯಲ್ಲಿ ಒಂದು ತಂಡ ಆಡುವ ಒಂದು ಪಂದ್ಯದ ಬೆಲೆ, ಅದು ಸೇರಿರುವ ಒಕ್ಕೂಟಕ್ಕೆ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್. ನಾಲ್ಕು, ದೊಡ್ಡ ತಂಡದ ಊರಿಗೆ ಹೋಗಿ ಹಣ ಪಡೆದು ಆಡುವ ಪಂದ್ಯಗಳು. ಸೋಲುವುದು ಬಹುಪಾಲು ಖಚಿತವೆಂದು ಗೊತ್ತಿದ್ದೇ ಸಣ್ಣ ಕಾಲೇಜು ಇದಕ್ಕೆ ಒಪ್ಪುತ್ತದೆ. 2007ರಲ್ಲಿ ಅಪಲಾಚಿಯನ್ ಸ್ಟೇಟ್ ತಂಡಕ್ಕೆ ಮಿಷಿಗನ್ ವಿಶ್ವವಿದ್ಯಾನಿಲಯ 4 ಲಕ್ಷ ಡಾಲರ್ ಕೊಟ್ಟು ಫುಟ್‌ಬಾಲ್ ಪಂದ್ಯಕ್ಕೆ ಕರೆಸಿತು. ಅತಿಥಿಗಳೇ 34-32ರಿಂದ ಗೆದ್ದರು. 2024ರಲ್ಲಿ 14 ಲಕ್ಷ ಡಾಲರ್ ಪಡೆದು ನೋಟರ್ ಡೇಮ್‌ಗೆ ಹೋದ ನಾರ್ದರ್ನ್ ಇಲಿನಾಯ್ ತಂಡವೂ 16-14ರಿಂದ ಗೆದ್ದುಬಂದಿತು. ಇಂಥ ಗೆಲುವು ಅಪರೂಪ.

ಈಗ ಕಾನೂನಿನ ಮಾತಿಗೆ ಬರೋಣ. ಆಟಗಾರ ವಿದ್ಯಾರ್ಥಿಗೆ ಶಿಕ್ಷಣದ ಖರ್ಚಿನ ಹೊರತು ಬೇರೇನೂ ಸಲ್ಲದು ಎಂಬುದು ಎನ್‌ಸಿಎಎಯ ಹಳೆಯ ನಿಲುವು. ಅವನ ಆಟದಿಂದ ತರಬೇತುದಾರರು, ಟಿ.ವಿ. ಸಂಸ್ಥೆಗಳು ಕೋಟಿಗಟ್ಟಲೆ ಗಳಿಸುತ್ತಿರುವಾಗ ಇದು ನ್ಯಾಯವೇ ಎಂಬ ಪ್ರಶ್ನೆ ಎದ್ದಿತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳನ್ನು ಜಾಹೀರಾತಿಗೆ ಬಳಸಿ ಹಣ ಪಡೆಯಲು ಅವಕಾಶವಾಯಿತು. 2025ರ ಜೂನ್ 6ರಂದು ಹೌಸ್ ಮೊಕದ್ದಮೆಯ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. ಮುಂದಕ್ಕೆ ಕಾಲೇಜೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ಕ್ಕೆ ಅದರ ಮಿತಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಆಟಗಾರನಿಗೆ ಇದು ನ್ಯಾಯವೇ ಸರಿ. ಆದರೆ ಸಣ್ಣ ಕಾಲೇಜಿನ ಸ್ಥಿತಿಯನ್ನು ಯೋಚಿಸಿ. ಪರಿಹಾರದ ದೊಡ್ಡ ಪಾಲನ್ನು ಎನ್‌ಸಿಎಎ ತಾನು ಹಂಚುವ ಹಣದಲ್ಲಿ ಕಡಿತ ಮಾಡಿ ತುಂಬುತ್ತದೆ. ಮೊಕದ್ದಮೆಯಲ್ಲಿ ಪ್ರತಿವಾದಿಗಳಾಗಿದ್ದವರು ಎನ್‌ಸಿಎಎ ಮತ್ತು ಐದು ದೊಡ್ಡ ಒಕ್ಕೂಟಗಳು. ಕಡಿತವಾದರೋ ಒಂದನೆಯ ವಿಭಾಗದ ಎಲ್ಲರಿಗೂ. ಟೆಕ್ಸಾಸ್‌ನ ಹ್ಯೂಸ್ಟನ್ ಕ್ರಿಶ್ಚಿಯನ್ ವಿಶ್ವವಿದ್ಯಾನಿಲಯ ತನ್ನ ಮಾತನ್ನೂ ಕೇಳಬೇಕೆಂದು 2024ರಲ್ಲಿ ಅರ್ಜಿ ಹಾಕಿತು, ಅನುಮತಿ ದೊರೆಯಲಿಲ್ಲ. ಇತ್ತ ಒಳ್ಳೆಯ ಆಟಗಾರ ಬೆಳೆದ ಕೂಡಲೇ ಹೆಚ್ಚು ಹಣ ಕೊಡುವ ದೊಡ್ಡ ಕಾಲೇಜಿಗೆ ಹೊರಟುಹೋಗುತ್ತಾನೆ.

ಈ ಒತ್ತಡದಲ್ಲಿ ಕಾಲೇಜುಗಳು ಬೇರೆಬೇರೆ ದಾರಿ ಹಿಡಿದಿವೆ. ಐವಿ ಲೀಗಿನ ಎಂಟು ಕಾಲೇಜುಗಳು ಹಣ ಹಂಚುವ ಏರ್ಪಾಡಿಗೆ ಸೇರಲಿಲ್ಲ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತಂಡ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿತು. ಕೆಲವೇ ದಿನಗಳಲ್ಲಿ ಆಡಳಿತ ಮಂಡಳಿ ಒಂದನೆಯ ವಿಭಾಗ ಬಿಟ್ಟು ಮೂರನೆಯ ವಿಭಾಗಕ್ಕೆ ಇಳಿಯುವುದಾಗಿ ಪ್ರಕಟಿಸಿತು. ಇನ್ನು ಕೆಲವರು ತಂಡಗಳನ್ನೇ ಕಡಿಮೆ ಮಾಡುತ್ತಾರೆ. ಅಲ್ಲಿಯೂ 1972ರ ಟೈಟಲ್ ನೈನ್ ಕಾಯ್ದೆ ಇದೆ. ಹೆಣ್ಣುಮಕ್ಕಳ ಅವಕಾಶವನ್ನು ಬಲಿಕೊಟ್ಟು ಉಳಿತಾಯ ಮಾಡುವಂತಿಲ್ಲ.

ಮೂರನೆಯ ವಿಭಾಗದಲ್ಲಿ ಹಣದ ಹರಿವೇ ತಿರುಗುಮುರುಗು. ಅಲ್ಲಿ ಆಟಗಾರನಿಗೆ ಕಾಲೇಜು ಕೊಡುವುದಿಲ್ಲ, ಕಾಲೇಜಿಗೆ ಆಟಗಾರನೇ ಶುಲ್ಕ ಕಟ್ಟುತ್ತಾನೆ. ಮಿಷಿಗನ್ ರಾಜ್ಯದ ಏಡ್ರಿಯನ್ ಕಾಲೇಜಿನಲ್ಲಿ 2005ರ ಹೊತ್ತಿಗೆ ಸಾವಿರಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದರು. ಅಂದು ಅಧ್ಯಕ್ಷರಾದ ಜೆಫ್ರಿ ಡಾಕಿಂಗ್ ಹೊಸ ಹೊಸ ತಂಡಗಳನ್ನು ತೆರೆದರು; ಆಡುವ ಆಸೆಯಿಂದ ವಿದ್ಯಾರ್ಥಿಗಳು ಬಂದರು; ಕೆಲವೇ ವರ್ಷಗಳಲ್ಲಿ ಸಂಖ್ಯೆ ಒಂದೂವರೆ ಸಾವಿರ ದಾಟಿತು. ಆದರೆ ಇದನ್ನೇ ಸಂಜೀವಿನಿ ಎಂದು ತಿಳಿಯಬೇಡಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2024ರ ಮೇ 31ರಂದು ಹಣವಿಲ್ಲದೆ ಶಾಶ್ವತವಾಗಿ ಮುಚ್ಚಿತು. ಅದೇ ದಿನ ಅದರ ಬೇಸ್‌ಬಾಲ್ ತಂಡ ರಾಷ್ಟ್ರಮಟ್ಟದ ಅಂತಿಮ ಪಂದ್ಯಾವಳಿಯಲ್ಲಿ ಆಡುತ್ತಿತ್ತು. ಮೈದಾನದಲ್ಲಿ ಆ ಹುಡುಗರಿದ್ದರು, ಹಿಂತಿರುಗಲು ಕಾಲೇಜೇ ಇರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಕ್ರೀಡೆಯ ಬಲದಿಂದ ವಿದೇಶಕ್ಕೆ ಹೋಗುವ ಅವಕಾಶ ನಿಮಗೆ ಒದಗಿದರೆ ಸಂತೋಷದಿಂದ ಹೋಗಿ. ಆದರೆ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಈ ವಿದ್ಯಾರ್ಥಿವೇತನ ಎಷ್ಟು ವರ್ಷಕ್ಕೆ? ಗಾಯಗೊಂಡರೆ ಅದು ಉಳಿಯುತ್ತದೆಯೇ? ತಂಡವನ್ನು ರದ್ದುಮಾಡಿದರೆ ನನ್ನ ಓದಿನ ಗತಿಯೇನು? ಕಾಲೇಜಿನ ಹಣಕಾಸು ಭದ್ರವಾಗಿದೆಯೇ? ಜಾಹೀರಾತಿನ ಹಣದ ಆಸೆ ತೋರಿಸಿದರೆ ಇನ್ನಷ್ಟು ಎಚ್ಚರವಿರಲಿ. ವಿದ್ಯಾರ್ಥಿ ವೀಸಾದ ಮೇಲೆ ಹೋದ ವಿದೇಶಿಯರು ಅಲ್ಲಿ ದುಡಿಯುವುದಕ್ಕೆ ಕಟ್ಟುನಿಟ್ಟಾದ ಮಿತಿಗಳಿವೆ. ಸಹಪಾಠಿಗೆ ಸಲ್ಲುವುದು ನಿಮಗೆ ಸಲ್ಲದಿರಬಹುದು. ಆತುರಪಟ್ಟರೆ ವೀಸಾಕ್ಕೇ ಕುತ್ತು.

ಸದಸ್ಯ ಬಂಧುಗಳೇ, ನಮ್ಮಲ್ಲಿಯೂ ಪ್ರವೇಶದ ರಸೀದಿಯಲ್ಲಿ ಕ್ರೀಡಾ ಶುಲ್ಕ ಎಂಬ ಸಾಲು ಇರುತ್ತದೆ. ಆಡುವವರೂ ಕಟ್ಟುತ್ತಾರೆ, ಆಡದವರೂ ಕಟ್ಟುತ್ತಾರೆ. ಸಾಲ ಮಾಡಿ ಮಗಳನ್ನು ಓದಿಸುವ ತಂದೆಯೂ ಕಟ್ಟುತ್ತಾನೆ. ಆ ಹಣ ಯಾವುದಕ್ಕೆ ಖರ್ಚಾಯಿತು, ಹೆಣ್ಣುಮಕ್ಕಳ ಆಟಕ್ಕೆ ಅದರಲ್ಲಿ ಎಷ್ಟು ಸಂದಿತು ಎಂದು ವರ್ಷಕ್ಕೊಮ್ಮೆ ಸೂಚನಾ ಫಲಕದಲ್ಲಿ ಬರೆದು ಹಾಕುವುದಕ್ಕೆ ಯಾವ ಕೋರ್ಟಿನ ಆದೇಶವೂ ಬೇಕಾಗಿಲ್ಲ. ಅಮೆರಿಕದ ಕಾಲೇಜುಗಳು ಆಟಗಾರನ ಪಾಲಿನ ಪ್ರಶ್ನೆಯನ್ನು ದಶಕಗಳ ಕಾಲ ಮುಂದೂಡಿದವು. ಕೊನೆಗೆ ಆ ಲೆಕ್ಕವನ್ನು ನ್ಯಾಯಾಲಯ ಮಾಡಿತು. ಬಿಲ್ಲಿನ ಒಂದು ಭಾಗ, ತಪ್ಪಿನಲ್ಲಿ ಹೆಚ್ಚು ಪಾಲಿಲ್ಲದ ಸಣ್ಣವರ ಮನೆಗೂ ಹೋಯಿತು. ನಮ್ಮ ಸಂಸ್ಥೆಗಳು ಚಿಕ್ಕವಾಗಿರುವಾಗಲೇ ಲೆಕ್ಕವನ್ನು ನಾವೇ ನೇರ ಮಾಡಿಕೊಳ್ಳೋಣ.