ಅಂದದ ಕಾರಿನ ಹಿಂದಿನ ದೀಪ



ತುಮಕೂರು ಕಡೆಯ ಹೆಬ್ಬೂರಿನಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತಿದ್ದೆ. ರಿವರ್ಸ್ ಬರುತ್ತಿದ್ದ ತೆಂಗಿನಕಾಯಿ ಟೆಂಪೊದ ಹಲಗೆಯ ಮೂಲೆ ನನ್ನ ಕಾರಿನ ಹಿಂದಿನ ದೀಪಕ್ಕೆ ತಾಗಿತು. ದೊಡ್ಡ ಸದ್ದೇನಲ್ಲ, ಹಪ್ಪಳ ಮುರಿದಷ್ಟು. ಡ್ರೈವರ್ ಹುಡುಗ ಇಳಿದು ಬಂದು ಕೆಳಗೆ ಬಿದ್ದ ಕೆಂಪು ಚೂರುಗಳನ್ನು ನೋಡಿದ. "ತಪ್ಪಾಯ್ತು ಸಾರ್, ಎಷ್ಟಾಗುತ್ತೆ ಹೇಳಿ, ಕೊಡ್ತೀನಿ" ಅಂದ. ಒಳ್ಳೆಯ ಹುಡುಗ. ಬರೀ ದುಡ್ಡಿನ ಮಾತಾಗಿದ್ದರೆ ಅದು ಅಲ್ಲೇ ಮುಗಿಯುತ್ತಿತ್ತು. ಆದರೆ ನನ್ನದು ಫಿಯಟ್ ಪುಂಟೊ. ಆ ಕಾರು ತಯಾರಾಗುವುದು ನಿಂತೇ ವರ್ಷಗಳಾದವು.

ಒಡೆದ ದೀಪಕ್ಕೆ ಟೇಪು ಸುತ್ತಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಕಡೆ ಕೈ ತೋರಿಸಿ, "ಇದರ ಇಂಜಿನ್ ಬಗ್ಗೆ ಯೋಚ್ನೆ ಬಿಡಿ ಸಾರ್, ಸ್ವಿಫ್ಟ್ ಡೀಸೆಲ್‌ದೇ ಅಲ್ವಾ, ಕಣ್ಮುಚ್ಕೊಂಡು ಬಿಚ್ತೀನಿ. ಆದ್ರೆ ಈ ದೀಪ ಎಲ್ಲಿಂದ ತರ್ಲಿ?" ಎಂದರು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಅವರ ಆ ಎರಡು ಮಾತಿನಲ್ಲೇ ಇದೆ. ಈ ಕಾರಿನ ಎದೆ ಎಲ್ಲ ಊರಲ್ಲೂ ಸಿಗುತ್ತದೆ, ಮುಖ ಎಲ್ಲೂ ಸಿಗುವುದಿಲ್ಲ. ನಾನು ಕಾರು ಕೊಂಡದ್ದು ಮಾತ್ರ ಮುಖ ನೋಡಿ.

ನಮ್ಮ ಕಡೆ ಫಿಯಟ್ ಎಂದರೆ ಹಳಬರ ಕಣ್ಣ ಮುಂದೆ ಬರುವುದು ಡಾಕ್ಟರ ಕಾರು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ ಫಿಯಟ್ 1100, ಮುಂದೆ ಪದ್ಮಿನಿ ಎಂಬ ಹೆಸರು ಪಡೆದದ್ದು. ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಹಿಂದೆ ಚಾಚಿಕೊಂಡ ಡಿಕ್ಕಿ. ಆ ಡಿಕ್ಕಿಯನ್ನು ಕತ್ತರಿಸಿ, ಹಿಂದಿನ ಗಾಜಿನ ಸಮೇತ ಒಂದು ಬಾಗಿಲು ಮೇಲಕ್ಕೆ ಏಳುವಂತೆ ಮಾಡಿದರೆ ಅದೇ ಹ್ಯಾಚ್‌ಬ್ಯಾಕ್. ಹಿಂದಿನ ಸೀಟು ಮಡಚಿದರೆ ಎರಡು ಮೂಟೆ ಅಡಿಕೆ ಹಿಡಿಸುತ್ತದೆ, ಹಲಸಿನಹಣ್ಣೂ ಹಿಡಿಸುತ್ತದೆ. ಹಲಸಿನ ವಾಸನೆ ಮಾತ್ರ ಒಂದು ವಾರ ಇಳಿಯುವುದಿಲ್ಲ.

ಸಣ್ಣ ಕಾರಿನ ವಿಷಯದಲ್ಲಿ ಇಟಲಿಯವರಿಗೆ ಬೇರೆಯೇ ಒಂದು ಮರ್ಯಾದೆ ಇದೆ. ಅಲ್ಲಿನ ಹಳೆಯ ಊರುಗಳ ಬೀದಿಗಳು ನಮ್ಮ ಪೇಟೆಬೀದಿಗಳಷ್ಟೇ ಇಕ್ಕಟ್ಟು. 1899ರಲ್ಲಿ ಟ್ಯೂರಿನ್ ನಗರದಲ್ಲಿ ಹುಟ್ಟಿದ ಫಿಯಟ್ ಕಂಪನಿ 1957ರಲ್ಲಿ 'ಚಿಂಕ್ವೆಚೆಂಟೊ', ಅಂದರೆ ಐನೂರು, ಎಂಬ ಪುಟಾಣಿ ಕಾರನ್ನು ತಂದಿತು. ಉದ್ದ 3 ಮೀಟರಿಗಿಂತ ಒಂಚೂರು ಕಡಿಮೆ, ಇಂಜಿನ್ 479 ಸಿಸಿ. ಇವತ್ತಿನ ಒಂದು ದೊಡ್ಡ ಬೈಕಿನಷ್ಟೂ ಇಲ್ಲ. ಅದನ್ನು ರೂಪಿಸಿದ ಇಂಜಿನಿಯರ್ ದಾಂತೆ ಜಕೋಸಾ. 1964ರಲ್ಲಿ ಆಟೊಬಿಯಾಂಕಿ ಪ್ರಿಮುಲಾ ಎಂಬ ಕಾರಿನಲ್ಲಿ ಇದೇ ಮನುಷ್ಯ ಇನ್ನೊಂದು ಕೆಲಸ ಮಾಡಿದ. ಇಂಜಿನ್ನನ್ನು ಉದ್ದಕ್ಕೆ ಇಡುವ ಬದಲು ಅಡ್ಡಲಾಗಿ ಇಟ್ಟು, ಅದರ ತುದಿಗೇ ಗೇರ್‌ಬಾಕ್ಸ್ ಜೋಡಿಸಿ, ಮುಂದಿನ ಚಕ್ರಗಳನ್ನೇ ತಿರುಗಿಸಿದ. ಇಂಜಿನ್ ನುಂಗುತ್ತಿದ್ದ ಜಾಗ ಕೂರುವವರ ಕಾಲಿಗೆ ಉಳಿಯಿತು. ತುಮಕೂರಿನ ಯಾವುದೇ ಬೀದಿಯಲ್ಲಿ ಸಾಲಾಗಿ ನಿಂತ ಸಣ್ಣ ಕಾರುಗಳ ಬಾನೆಟ್ ಎತ್ತಿ ನೋಡಿ, ಯಾವ ಕಂಪನಿಯದೇ ಆಗಲಿ, ಬಹುಪಾಲು ಕಾರುಗಳಲ್ಲಿ ಇರುವುದು ಜಕೋಸಾ ಹಾಕಿಕೊಟ್ಟ ಜೋಡಣೆಯೇ.

ಅಂದದ ಕಡೆಯಿಂದ ನೋಡಿದರೆ ದೊಡ್ಡ ಹೆಸರು ಜಾರ್ಜೆಟ್ಟೊ ಜುಜಾರೊ. 1983ರ ಫಿಯಟ್ ಯುನೊ ಅವರು ಬರೆದ ಕಾರು. ಜುಜಾರೊ ಛಾವಣಿ ಎತ್ತರಿಸಿದರು, ಜನ ಬೆನ್ನು ನೆಟ್ಟಗೆ ಮಾಡಿ ಕೂರುವಂತಾಯಿತು. ಮರುವರ್ಷವೇ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ ಬಂತು. ಭಾರತಕ್ಕೆ ಅದು ಕಾಲಿಟ್ಟದ್ದು 1996ರಲ್ಲಿ, ಅದೇ ಕುರ್ಲಾ ಕಾರ್ಖಾನೆಯಿಂದ. ಜನ ಮುಂಗಡ ಕಟ್ಟಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬುಕ್ ಮಾಡಿದರು. ಆದರೆ ಕಾರ್ಖಾನೆಯಲ್ಲಿ ಕಾರ್ಮಿಕರ ತಕರಾರು ಎದ್ದು, ಕೇಳಿದಷ್ಟು ಕಾರು ಹೊರಗೆ ಬರಲೇ ಇಲ್ಲ. ನಮ್ಮ ದೇಶದಲ್ಲಿ ಇಟಲಿ ಕಾರಿನ ಹಣೆಬರಹ ಬಹುಶಃ ಅವತ್ತೇ ಬರೆದಾಗಿತ್ತು. ಕಾರು ಚೆನ್ನಾಗಿರುತ್ತದೆ, ಅದನ್ನು ಕೈಗೆ ತಲುಪಿಸುವ ಮತ್ತು ಆಮೇಲೆ ವಿಚಾರಿಸಿಕೊಳ್ಳುವ ವ್ಯವಸ್ಥೆ ಹಿಂದೆ ಬೀಳುತ್ತದೆ.

ಇಲ್ಲೊಂದು ತಮಾಷೆ ಇದೆ. ಇಟಲಿ ಕಾರು ನಮಗ್ಯಾಕಪ್ಪ ಎನ್ನುವವರೂ ಇಟಲಿಯವರು ಬರೆದ ಕಾರಿನಲ್ಲೇ ಓಡಾಡಿದ್ದಾರೆ. 1998ರಲ್ಲಿ ಬಂದು, ಆಮೇಲೆ ನಮ್ಮೂರುಗಳ ಮದುವೆ ದಿಬ್ಬಣಕ್ಕೂ ಬೆಂಗಳೂರಿನ ಟ್ಯಾಕ್ಸಿಗೂ ಒದಗಿದ ಟಾಟಾ ಇಂಡಿಕಾದ ಮೈಕಟ್ಟನ್ನು ರೂಪಿಸಿದ್ದು ಟ್ಯೂರಿನ್‌ನ ಐಡಿಯಾ ಸಂಸ್ಥೆ. ಫಿಯಟ್ ಪಾಲಿಯೊ ಮೊದಲಿಗೆ ರೂಪುಗೊಂಡದ್ದೂ ಅದೇ ಸಂಸ್ಥೆಯಲ್ಲಿ. ಹಾಗಾಗಿ ಆ ಎರಡು ಕಾರುಗಳು ದಾಯಾದಿಗಳು ಎನ್ನಬಹುದು.

ಪಾಲಿಯೊ ಭಾರತಕ್ಕೆ ಬಂದದ್ದು 2001ರಲ್ಲಿ, ಸಚಿನ್ ತೆಂಡೂಲ್ಕರ್ ಜಾಹೀರಾತಿನೊಂದಿಗೆ. ಅದರ ಹೆಸರಿನ ಅರ್ಥ ಹೆಬ್ಬೂರಿನವರಿಗೆ ಬೇಗ ಹಿಡಿಸುತ್ತದೆ, ಯಾಕೆಂದರೆ ಅದು ಕುದುರೆಯ ಮಾತು. ಇಟಲಿಯ ಸಿಯೆನಾ ಎಂಬ ಊರಿನ ಚೌಕದಲ್ಲಿ ಪ್ರತಿವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಕೇರಿ ಕೇರಿಗಳ ನಡುವೆ ಕುದುರೆ ಓಟ ನಡೆಯುತ್ತದೆ. ಗೆದ್ದ ಕೇರಿಗೆ ಸಿಗುವ ಬಣ್ಣದ ಪತಾಕೆಗೆ ಪಾಲಿಯೊ ಎಂದು ಹೆಸರು. ಸವಾರ ಬಿದ್ದುಹೋಗಿ ಬರೀ ಕುದುರೆ ಮೊದಲು ಬಂದರೂ ಗೆಲುವು ಗೆಲುವೇ. ಹೆಬ್ಬೂರಿನಿಂದ ಹೊರಟರೆ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನ ಸ್ಟಡ್ ಫಾರಂ ಸ್ವಲ್ಪ ಹೊತ್ತಿನ ದಾರಿ. ಅದರ ಬೇಲಿ ಪಕ್ಕದಲ್ಲಿ ಒಂದು ಪಾಲಿಯೊ ಹಾದುಹೋದರೆ ಕುದುರೆಗಳಿಗೇನೂ ಗೊತ್ತಾಗುವುದಿಲ್ಲ, ನನಗೆ ಮಾತ್ರ ಖುಷಿ. ಪಾಲಿಯೊದ 1.6 ಲೀಟರ್ ಇಂಜಿನ್ ಕುದುರೆಯಂತೆಯೇ ಓಡುತ್ತಿತ್ತು, ಕುದುರೆಯಂತೆಯೇ ಮೇಯುತ್ತಿತ್ತು ಕೂಡ. ಪೆಟ್ರೋಲ್ ಬಂಕಿನವರಿಗೆ ಅಚ್ಚುಮೆಚ್ಚು.

ನನ್ನ ಪುಂಟೊ 2009ರಲ್ಲಿ ಇಲ್ಲಿಗೆ ಬಂತು. ಇದರ ಗೆರೆಗಳೂ ಜುಜಾರೊ ಕಡೆಯವೇ. ಪುಂಟೊ ಎಂದರೆ ಇಟಾಲಿಯನ್‌ನಲ್ಲಿ ಬಿಂದು. ನಮ್ಮ ತೋಟ ನೋಡಿಕೊಳ್ಳುವ ಹಿರಿಯರು ಅದನ್ನು 'ಪುಂಡ' ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಆ ಹೊತ್ತಿಗೆ ಕಾರ್ಖಾನೆ ಪುಣೆ ಹತ್ತಿರದ ರಂಜನಗಾಂವ್‌ಗೆ ಹೋಗಿತ್ತು, ಟಾಟಾ ಜೊತೆ ಪಾಲುದಾರಿಕೆಯಾಗಿತ್ತು, ಮಾರಾಟವೂ ಟಾಟಾ ಶೋರೂಮುಗಳಲ್ಲೇ. 2012ರಲ್ಲಿ ಮಾರಾಟದ ಮಟ್ಟಿಗೆ ಇಬ್ಬರೂ ಬೇರೆಯಾದರು. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಬಂತು, ಹತ್ತು ಲಕ್ಷದೊಳಗೆ ಅಷ್ಟು ವೇಗ ಆಗ ಬೇರೆ ಯಾವ ಹ್ಯಾಚ್‌ಬ್ಯಾಕೂ ಕೊಡುತ್ತಿರಲಿಲ್ಲ. ಆರಿಹೋಗುವ ಮುಂಚೆ ದೀಪ ಒಮ್ಮೆ ಜೋರಾಗಿ ಉರಿಯುತ್ತದಲ್ಲ, ಹಾಗೆ. ಈಗ ರಂಜನಗಾಂವ್‌ನಲ್ಲಿ ಜೀಪ್ ತಯಾರಾಗುತ್ತದೆ. ಹೊಸ ಫಿಯಟ್ ಯಾವ ಶೋರೂಮಿನಲ್ಲೂ ಇಲ್ಲ. ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ.

ಹಾಗಾದರೆ ಮೆಕ್ಯಾನಿಕ್ ಹೇಳಿದ ಆ ಸ್ವಿಫ್ಟ್ ಇಂಜಿನ್ನಿನ ಕಥೆ ಏನು? ಡೀಸೆಲ್ಲನ್ನು ಒಂದೇ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿ ಹಿಡಿದಿಟ್ಟು, ಬೇಕಾದ ಗಳಿಗೆಯಲ್ಲಿ ಬೇಕಾದಷ್ಟೇ ಸಿಡಿಸುವ ಕಾಮನ್ ರೈಲ್ ವಿಧಾನವನ್ನು ಕಾರಿಗೆ ಹೊಂದಿಸಿದ್ದರಲ್ಲಿ ಫಿಯಟ್ ಪಾಲು ದೊಡ್ಡದು. ದಕ್ಷಿಣ ಇಟಲಿಯ ಬಾರಿ ನಗರದಲ್ಲಿ ಅದರ ಸಂಶೋಧಕರು ದುಡಿದರು. ಮುಂದೆ ಕಂಪನಿ ಅದರ ಹಕ್ಕನ್ನು ಬಾಷ್‌ಗೆ ಮಾರಿಬಿಟ್ಟಿತು. ಬಿತ್ತಿದವರು ಒಬ್ಬರು, ಕಣ ಮಾಡಿದವರು ಇನ್ನೊಬ್ಬರು. 2003ರಲ್ಲಿ ಅದೇ ವಿಧಾನದ 1248 ಸಿಸಿ ಮಲ್ಟಿಜೆಟ್ ಬಂತು. ಒಂದು ಸಲ ಉರಿಸುವಷ್ಟು ಡೀಸೆಲ್ಲನ್ನು ಹಲವು ಸಣ್ಣ ಸಿಡಿತಗಳಾಗಿ ಒಡೆದು ಕೊಡುತ್ತದೆ, ಅದಕ್ಕೇ ಹಳೇ ಡೀಸೆಲ್ ಗಾಡಿಗಳ ಕಟಕಟ ಇದರಲ್ಲಿ ಕಡಿಮೆ. ಮಾರುತಿ ಅದನ್ನು ಪರವಾನಗಿ ಪಡೆದು ಇಲ್ಲೇ ತಯಾರಿಸಿತು. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ, ಅತ್ತ ಟಾಟಾ ವಿಸ್ಟಾ, ಮಾಂಜಾ ಎಲ್ಲದರ ಡೀಸೆಲ್ ಮಾದರಿಗಳಲ್ಲೂ ಇದೇ. ಹೀಗೆ ಫಿಯಟ್ ಹೆಸರು ಹೇಳದ ಮನೆಗಳಲ್ಲೂ ಫಿಯಟ್ ಇಂಜಿನ್ ತಿರುಗಿತು. 2020ರ ಹೊಸ ಮಾಲಿನ್ಯ ನಿಯಮ ಬಂದಾಗ ಇಲ್ಲಿ ಅದರ ತಯಾರಿಕೆ ನಿಂತಿತು. ಆದರೆ ರಸ್ತೆ ಮೇಲೆ ಅಷ್ಟೊಂದು ಗಾಡಿಗಳಿರುವಾಗ ಅದರ ಫಿಲ್ಟರು, ಬೇರಿಂಗು, ಇಂಜೆಕ್ಟರಿಗೆ ಏನು ಬರ?

ಇನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ವಿಚಾರ. ಯಾರಾದರೂ ಕೇಳಿದರೆ ನಾನು ಇಂಜಿನ್ ಕಡೆ ಆಮೇಲೆ ಹೋಗಿ ಎನ್ನುತ್ತೇನೆ. ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಮುಂದಿನ ಡೂಮು, ಹಿಂದಿನ ದೀಪ, ಕನ್ನಡಿ, ಬಾಗಿಲ ಹಿಡಿ, ಬಂಪರು, ಒಳಗಿನ ಪ್ಲಾಸ್ಟಿಕ್ಕು. ಬೇರೆ ಕಾರಾದರೆ ಇವನ್ನು ಸಣ್ಣಪುಟ್ಟ ಎಂದು ಚೌಕಾಸಿಗೆ ಬಳಸಿಕೊಂಡು ಬಿಡಬಹುದು. ಇಲ್ಲಿ ಅವೇ ಮುಖ್ಯ. ಇಂಜಿನ್ ಸ್ವಲ್ಪ ಸುಸ್ತಾಗಿದ್ದರೂ ಮೈ ಪೂರ್ತಿ ಇರುವ ಕಾರೇ ಮೇಲು. ಆಮೇಲೆ ಬೆಳಗಿನ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿಸಿ ಕೇಳಿ, ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಡೀಸೆಲ್ಲಿನಲ್ಲಿ ಟೈಮಿಂಗ್ ಚೈನ್ ಇದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಇರುವುದು ಬೆಲ್ಟು. ಅದನ್ನು ಯಾವಾಗ ಬದಲಿಸಿದರು ಎನ್ನುವುದಕ್ಕೆ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ರೋಡ್ ಹಂಪಿನ ಮೇಲೆ ನಿಧಾನ ಹತ್ತಿಸಿದಾಗ ಕೆಳಗಿನಿಂದ ಟಕಟಕ ಬಂದರೆ ಬುಶ್ಶು ಹೋಗಿದೆ ಎಂದರ್ಥ, ಅದು ಸರಿಮಾಡುವಂಥದ್ದು.

ಕಾಗದದ ವಿಷಯಕ್ಕೂ ಎರಡು ಮಾತು. ಮಾರುವವರು ಫಾರಂ 29 ಮತ್ತು 30ಕ್ಕೆ ಸಹಿ ಹಾಕಬೇಕು. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಬೇಕು. ದೆಹಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ನಿರ್ಬಂಧ ಬಂದದ್ದರಿಂದ ಅಗ್ಗದ ಗಾಡಿಗಳು ದಕ್ಷಿಣಕ್ಕೆ ಇಳಿದಿವೆ. ಬೆಲೆ ನೋಡಿ ಬಾಯಲ್ಲಿ ನೀರೂರುತ್ತದೆ. ಆದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ತಂದು, ನಮ್ಮ ರಾಜ್ಯದ ಆಜೀವ ತೆರಿಗೆಯನ್ನು ಮತ್ತೆ ಕಟ್ಟಿ, ಕೆಎ 06 ನಂಬರ್ ಹಾಕಿಸುವಷ್ಟರಲ್ಲಿ ಅಗ್ಗವೆಲ್ಲ ಕರಗಿರುತ್ತದೆ. ಹದಿನೈದು ವರ್ಷ ತುಂಬಿದ ಕಾರಾದರೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಯಿತು, ಹಸಿರು ತೆರಿಗೆ ಬೇರೆ. ಪುಂಟೊಗಳೆಲ್ಲ ಒಂದೊಂದಾಗಿ ಈ ವಯಸ್ಸಿಗೆ ಬರುತ್ತಿವೆ.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಮನೆಯವರು ಕೇಳಿದ್ದಾರೆ. ಉತ್ತರ ಇರುವುದು ರಸ್ತೆಯಲ್ಲಿ. ತುಮಕೂರಿಗೆ ಹೋಗುವಾಗ ಪುಂಟೊದ ಸ್ಟಿಯರಿಂಗ್ ಭಾರವಾಗಿ, ನಂಬಿಕಸ್ತವಾಗಿ ಕೈಯಲ್ಲಿ ಕೂರುತ್ತದೆ. ಈಗಿನ ಕಾರುಗಳದ್ದು ಬಹಳಮಟ್ಟಿಗೆ ಕರೆಂಟಿನ ಸ್ಟಿಯರಿಂಗು, ಎರಡು ಬೆರಳಲ್ಲಿ ತಿರುಗುತ್ತದೆ, ಚಕ್ರದ ಕೆಳಗೆ ಮಣ್ಣಿದೆಯೋ ಡಾಂಬರಿದೆಯೋ ಹೇಳುವುದಿಲ್ಲ. ಗುಂಡಿ ಬಿದ್ದ ಕಡೆ ನಮ್ಮ ಪುಂಡ ಧಪ್ಪೆಂದು ಇಳಿದು ಸುಮ್ಮನೆ ಮುಂದೆ ಹೋಗುತ್ತದೆ, ಅಲ್ಲಾಡುವುದಿಲ್ಲ. ದೋಷ ಇಲ್ಲವೆಂದಲ್ಲ. ಹಿಂದಿನ ಸೀಟಿನಲ್ಲಿ ಉದ್ದ ಕಾಲಿನವರು ಗೊಣಗುತ್ತಾರೆ. ಪೆಡಲುಗಳ ಹತ್ತಿರ ಇಕ್ಕಟ್ಟು, ಎಡಗಾಲು ಇಡಲು ಸರಿಯಾದ ಜಾಗವಿಲ್ಲ. ಟರ್ಬೊ ಎಚ್ಚರಾಗುವವರೆಗೂ ಪಿಕಪ್ ಇಲ್ಲ, ಎತ್ತು ಏಳಿಸಿದ ಹಾಗೆ ಕಾಯಬೇಕು. ಆದರೆ ಮನೆ ಮುಂದೆ ನಿಲ್ಲಿಸಿ ಒಳಗೆ ಹೋಗುವಾಗ ಒಮ್ಮೆ ಹಿಂತಿರುಗಿ ನೋಡುವ ಹಾಗಾಗುತ್ತದೆ. ಹೆಬ್ಬೂರಿನ ಕಾಮಾಕ್ಷಿ ಶಾರದಾ ದೇವಸ್ಥಾನಕ್ಕೆ ಬೆಂಗಳೂರಿನಿಂದ ಬರುವ ದೊಡ್ಡ ದೊಡ್ಡ ಗಾಡಿಗಳ ಸಾಲಿನಲ್ಲಿ ನಿಂತರೂ ಇದು ಬೇರೆಯಾಗಿ ಕಾಣುತ್ತದೆ.

ಹಾಗೆ ಬೇರೆಯಾಗಿ ಕಾಣಿಸುವುದರಲ್ಲಿ ಆ ಹಿಂದಿನ ದೀಪದ ಪಾಲು ಬಹಳ. ಹೆಚ್ಚಿನ ಕಾರುಗಳಲ್ಲಿ ದೀಪ ಕೆಳಗೆ, ಬಂಪರಿನ ಹತ್ತಿರ ಇರುತ್ತದೆ. ಪುಂಟೊದಲ್ಲಿ ಅದು ಮೇಲೆ, ಹಿಂದಿನ ಗಾಜಿನ ಎರಡೂ ಕಡೆ ನೆಟ್ಟಗೆ ನಿಂತಿದೆ. ಬೇರೆ ಕಾರಿನ ಬಂಪರ್ ಬಂದು ಗುದ್ದಿದರೂ ಅಷ್ಟು ಎತ್ತರಕ್ಕೆ ತಾಗುವುದಿಲ್ಲ. ಟ್ಯೂರಿನ್‌ನ ಬೀದಿಗೆ ಸರಿಯಾದ ಲೆಕ್ಕ. ಹೆಬ್ಬೂರಿನ ಕಾಯಿ ಟೆಂಪೊದ ಹಲಗೆ ಮಾತ್ರ ಕರಾರುವಾಕ್ಕಾಗಿ ಅದೇ ಎತ್ತರಕ್ಕೆ ಬರುತ್ತದೆ.

ದೀಪ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಮೂರು ಸಲ ಹೋದೆ. ಒಂದು ಅಂಗಡಿಯವರು ಎಡಗಡೆಯದು ಇದೆ ಎಂದರು, ನನಗೆ ಬೇಕಾದದ್ದು ಬಲಗಡೆಯದು. ಆದರೂ ಎಡಗಡೆಯದನ್ನು ಕೊಂಡುಬಂದೆ. ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಬಲಗಡೆಯದಕ್ಕೆ ಈಗಲೂ ಕೆಂಪು ಟೇಪು. ನಿನ್ನೆ ಕುಣಿಗಲ್ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಅವರ ಪುಂಟೊದ ಮುಂಭಾಗ ಮರಕ್ಕೆ ಗುದ್ದಿ ಹೋಗಿದೆಯಂತೆ, ಗುಜರಿಗೆ ಹಾಕುತ್ತಾರಂತೆ. "ಹಿಂದೆ ಒಂದು ಗೀರೂ ಬಿದ್ದಿಲ್ಲ, ಬೇಕಾದ್ದು ಬಿಚ್ಕೊಂಡು ಹೋಗಿ" ಎಂದರು. ನಾಳೆ ಬೆಳಿಗ್ಗೆ ಸ್ಪ್ಯಾನರ್ ಸೆಟ್ ಹಿಡಿದು ಹೊರಡಬೇಕು.