'ಫೈನ್' ಎಂಬ ಒಂದು ಪದ



ಎಂಟನೇ ತರಗತಿಯಲ್ಲಿ ನನಗೆ ಗೊತ್ತಿದ್ದ 'ಫೈನ್' ಒಂದೇ: ದಂಡ. ಲೈಬ್ರರಿ ಪುಸ್ತಕ ತಡವಾಗಿ ತಂದಿದ್ದೆ, ಕಟ್ಟಲು ದುಡ್ಡಿರಲಿಲ್ಲ. ಅದೇ ದಿನ ಇಂಗ್ಲಿಷ್ ಮೇಷ್ಟ್ರು ನನ್ನ ಪ್ರಬಂಧದ ಕೆಳಗೆ ಕೆಂಪು ಶಾಯಿಯಲ್ಲಿ 'ಫೈನ್' ಎಂದು ಬರೆದರು. ಇದಕ್ಕೂ ದಂಡವೇ ಎಂದು ಅತ್ತುಬಿಟ್ಟೆ.

ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸಿದರು. 'ಫೈನ್ ವರ್ಕ್' ಎಂದರೆ ಸೊಗಸಾದ ಕೆಲಸ. ಅಲ್ಲಿ 'ಎಕ್ಸಲೆಂಟ್' ಸಮಾನಪದ. 'ಫೈನ್ ಥ್ರೆಡ್' ಎಂದರೆ ಸಣ್ಣ ಎಳೆ, ಅಲ್ಲಿ 'ಥಿನ್'. 'ಫೈನ್ ಪೌಡರ್' ನುಣ್ಣನೆಯ ಪುಡಿ. 'ಐ ಆಮ್ ಫೈನ್' ಅಂದರೆ ಚೆನ್ನಾಗಿದ್ದೇನೆ, ಅಲ್ಲಿ 'ವೆಲ್'. ದಂಡವಾದರೆ 'ಪೆನಾಲ್ಟಿ'. ಎಲ್ಲದರ ಬೇರು 'ಕೊನೆ' ಎಂಬರ್ಥದ ಲ್ಯಾಟಿನ್ ಪದ 'ಫೀನಿಸ್'. ಕೊನೆಮುಟ್ಟಿ ಪರಿಪೂರ್ಣವಾದದ್ದು ಸೊಗಸು. ವ್ಯಾಜ್ಯ ಕೊನೆಗಾಣಿಸಲು ಕೊಟ್ಟ ಹಣ ದಂಡ.

ಮಕ್ಕಳೇ, ಪದದ ಅರ್ಥವನ್ನು ಅದರ ಅಕ್ಕಪಕ್ಕದ ಪದಗಳು ಹೇಳುತ್ತವೆ. ಅವೂ ಹೇಳದಿದ್ದರೆ ಮೇಷ್ಟ್ರನ್ನು ಕೇಳಿ. ನನ್ನ ಹಾಗೆ ಅಳಬೇಡಿ.

ಅಂದಹಾಗೆ, ಲೈಬ್ರರಿಯ ಆ ಎಂಟಾಣೆ ದಂಡ ಕಟ್ಟಿದವರೂ ಅದೇ ಮೇಷ್ಟ್ರು. ಆ ಸಾಲ ಇನ್ನೂ ತೀರಿಲ್ಲ.