ತಂತಿ ಎಳೆಯುವ ಮೊದಲು ಹಳ್ಳಿಯನ್ನು ಕೇಳಬೇಕು

(ಗೆಂಡೆಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಹೈಟೆನ್ಷನ್ ಲೈನಿನ ಮಾತು ಬಂದ ಕೂಡಲೇ ನಮ್ಮ ಜನ ಎರಡು ಪಾಲಾಗುತ್ತಾರೆ. ಕರೆಂಟು ಸರಿಯಾಗಿ ಬಂದರೆ ಗಿರಣಿ ನಡೆಯುತ್ತದೆ, ಗಿರಣಿ ನಡೆದರೆ ಕೂಲಿ ಸಿಗುತ್ತದೆ, ಅಂಗಡಿಯ ದೀಪ ಉರಿಯುತ್ತದೆ ಎನ್ನುವವರು ಒಂದು ಕಡೆ. ನಮ್ಮ ಗದ್ದೆಯ ನಡುವೆ ಟವರು ನಿಂತರೆ ನಮ್ಮ ಗತಿಯೇನು ಎನ್ನುವವರು ಇನ್ನೊಂದು ಕಡೆ. ಈ ಇಬ್ಬರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಬಹಳ ಸುಲಭ. ಆದರೆ ಇದು ಇಬ್ಬರೂ ಒಟ್ಟಿಗೆ ಕುಳಿತು ವಿಚಾರ ಮಾಡಬೇಕಾದ ಸಂಗತಿ ಎಂಬುದು ನಮ್ಮ ಅಭಿಪ್ರಾಯ.

ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ: ನಾವು ವಿದ್ಯುತ್ ಮಾರ್ಗಗಳ ವಿರೋಧಿಗಳಲ್ಲ. ಶರಾವತಿಯ ನೀರಿನಿಂದಾಗಲಿ, ರಾಯಚೂರಿನಲ್ಲಿ ಸುಡುವ ಕಲ್ಲಿದ್ದಲಿನಿಂದಾಗಲಿ, ಪಾವಗಡದ ಬಿಸಿಲಿನಿಂದಾಗಲಿ ಹುಟ್ಟಿದ ವಿದ್ಯುಚ್ಛಕ್ತಿ ನಮ್ಮ ಹಿಟ್ಟಿನ ಗಿರಣಿಗೆ ಬರಬೇಕಾದರೆ ತಂತಿಯ ಮೇಲೆಯೇ ಬರಬೇಕು. ದೂರದ ದಾರಿಗೆ ಹೆಚ್ಚಿನ ವೋಲ್ಟೇಜೇ ಬೇಕು. ಅಷ್ಟೇ ಶಕ್ತಿಯನ್ನು ಎರಡರಷ್ಟು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಅರ್ಧವಾಗುತ್ತದೆ. ದಾರಿಯಲ್ಲಿ ಕಾವಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಇದರಲ್ಲಿ ಎಂಜಿನಿಯರುಗಳ ತಪ್ಪೇನೂ ಇಲ್ಲ.

ಈ ವಿದ್ಯೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ತಂತಿ ಎಳೆಯಲಾಯಿತು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ಆದರೆ ಆ ತಂತಿ ಯಾರ ಹೊಲಗಳ ಮೇಲೆ ಹಾದುಹೋಯಿತೋ ಆ ಹಳ್ಳಿಗಳು ಮತ್ತೆ ಎಷ್ಟೋ ವರ್ಷ ಸೀಮೆಎಣ್ಣೆಯ ಬುಡ್ಡಿಯಲ್ಲೇ ಕಾಲ ಕಳೆದವು. ಶಕ್ತಿ ಮೊದಲು ಗಣಿಯ ಒಡೆಯರಿಗೆ, ಆಮೇಲೆ ಪಟ್ಟಣಕ್ಕೆ, ಕಟ್ಟಕಡೆಗೆ ಹಳ್ಳಿಗೆ. ದಾರಿ ಬಿಟ್ಟುಕೊಟ್ಟವನಿಗೆ ಕೊನೆಯ ಪಂಕ್ತಿ ಎಂಬ ಈ ಪದ್ಧತಿ ಅಂದಿನಿಂದಲೇ ಬಂದದ್ದು.

ಈಗ ಲೆಕ್ಕಕ್ಕೆ ಬರೋಣ. ಟವರು ನಿಲ್ಲುವ ನಾಲ್ಕು ಕಾಲುಗಳ ಜಾಗವೊಂದೇ ನಷ್ಟ ಎಂದು ಅನೇಕರು ತಿಳಿದಿದ್ದಾರೆ. ತಂತಿಯ ಕೆಳಗೂ ಅಕ್ಕಪಕ್ಕದಲ್ಲೂ ಎತ್ತರದ ಮರ ಇರಕೂಡದು, ಮನೆ ಕಟ್ಟಕೂಡದು. ಈ ಪಟ್ಟೆಯ ಅಗಲ 66 ಕಿಲೋವೋಲ್ಟಿನ ಮಾರ್ಗಕ್ಕೆ 18 ಮೀಟರು, 220ಕ್ಕೆ 35 ಮೀಟರು, 400ಕ್ಕೆ ಸುಮಾರು 46 ಮೀಟರು. ಅಂದರೆ 220 ಕಿಲೋವೋಲ್ಟಿನ ಮಾರ್ಗ ಒಂದು ಕಿಲೋಮೀಟರು ಹೋದರೆ ಎಂಟೂವರೆ ಎಕರೆಗೂ ಮೇಲ್ಪಟ್ಟ ಭೂಮಿ ಈ ಕಟ್ಟಿಗೆ ಒಳಗಾಗುತ್ತದೆ. ಪಹಣಿಯಲ್ಲಿ ಹೆಸರು ರೈತನದೇ, ಕಂದಾಯ ಕಟ್ಟುವವನೂ ಅವನೇ. ಆದರೆ ಏನು ಬೆಳೆಯಬೇಕು ಎಂಬುದು ಅವನ ಕೈಯಲ್ಲಿಲ್ಲ.

ರಾಗಿಯ ಹೊಲದವನು ಹೇಗೋ ಸುಧಾರಿಸಿಕೊಂಡಾನು. ಈ ಮಲೆನಾಡಿನ ಸೆರಗಿನ ತೋಟಗಳ ಮಾತೇ ಬೇರೆ. ಕಾಫಿ ಗಿಡ ಗಿಡ್ಡ, ಅದು ತಂತಿಗೆ ತಾಗುವುದಿಲ್ಲ ಎಂದು ಕಛೇರಿಯಲ್ಲಿ ಕುಳಿತವರು ಹೇಳಬಹುದು. ಆದರೆ ಕಾಫಿಗೆ ನೆರಳು ಕೊಡುವ ಸಿಲ್ವರ್ ಮರವೂ ಆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋದ ಮೇಲೆ ಉಳಿಯುವುದೇನು? ಅರಸೀಕೆರೆಯ ಕಡೆ ತೆಂಗಿನ ತೋಟದವನಿಗೂ ಇದೇ ಪಾಡು. ಮಗನಿಗೂ ಮೊಮ್ಮಗನಿಗೂ ಆಗಲಿ ಎಂದು ನೆಟ್ಟ ಮರವನ್ನು ಒಂದೇ ದಿನದಲ್ಲಿ ಉರುಳಿಸುತ್ತಾರೆ. ಆ ತೋಟದಲ್ಲಿ ಕಾಯಿ ಕೀಳುವವನ, ಸುಲಿಯುವವನ, ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನ ಹೊಟ್ಟೆಗೂ ಅಷ್ಟಷ್ಟು ಏಟು ಬೀಳುತ್ತದೆ. ಆ ಏಟಿನ ಲೆಕ್ಕ ಯಾವ ಮಹಜರಿನಲ್ಲೂ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? 2003ರ ವಿದ್ಯುತ್ ಕಾನೂನಿನ 68ನೆಯ ಕಲಮಿನ ಪ್ರಕಾರ ಇಂಥ ಮಾರ್ಗಕ್ಕೆ ಸರ್ಕಾರದ ಮುಂಗಡ ಒಪ್ಪಿಗೆ ಬೇಕು. 164ನೆಯ ಕಲಮಿನ ಕೆಳಗೆ ಸರ್ಕಾರವು ಲೈನು ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾನೂನಿನ ಅಧಿಕಾರಗಳನ್ನು ಕೊಡಬಹುದು. ಬ್ರಿಟಿಷರು ತಂತಿ ವರ್ತಮಾನಕ್ಕಾಗಿ ಮಾಡಿದ ಆ ಕಾನೂನು ರದ್ದಾಗಿ 2023ರಲ್ಲಿ ಹೊಸ ದೂರಸಂಪರ್ಕ ಕಾನೂನು ಬಂದಿದೆಯಾದರೂ, ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಅಧಿಕಾರ ಹಾಗೆಯೇ ಉಳಿದಿದೆ. ಅದರ ತಾತ್ಪರ್ಯ ಇಷ್ಟು: ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಬೇಕಾಗಿಲ್ಲ, ಒಡೆಯನ ಒಪ್ಪಿಗೆಯೂ ಬೇಕಾಗಿಲ್ಲ. ರೈತ ಅಡ್ಡ ನಿಂತರೆ ಜಿಲ್ಲಾಧಿಕಾರಿ ಅಪ್ಪಣೆ ಕೊಟ್ಟು ಕೆಲಸ ನಡೆಸಬಹುದು. ಆದ ನಷ್ಟಕ್ಕೆ ಪೂರ್ಣ ಪರಿಹಾರ ಕೊಡಬೇಕು. ಅದು ಸಾಲದೆಂದು ತೋರಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಇನ್ನೊಂದು ವೈಚಿತ್ರ್ಯ ನೋಡಿ. ಕರೆಂಟಿನ ದರ ಏರಿಸಬೇಕಾದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕಟ್ಟಬೇಕಾದರೆ ಪರಿಸರ ಇಲಾಖೆಯ 2006ರ ಅಧಿಸೂಚನೆಯಂತೆ ಜನರ ಅಹವಾಲು ಕೇಳಬೇಕು. ಆದರೆ ಆ ಸ್ಥಾವರದಿಂದ ಹೊರಟು ನೂರಾರು ಹಳ್ಳಿ ದಾಟುವ ತಂತಿಯನ್ನು ಆ ಅಧಿಸೂಚನೆಯ ಪಟ್ಟಿಯಲ್ಲಿ ಸೇರಿಸಿಯೇ ಇಲ್ಲ. ಬಿಲ್ಲು ಕಟ್ಟುವವನ ಮಾತಿಗೆ ಒಂದು ಸಭೆ ಉಂಟು. ತಂತಿಯ ಕೆಳಗೆ ಬದುಕುವವನ ಮಾತಿಗೆ ಇಲ್ಲ.

ಪರಿಹಾರದ ವಿಷಯದಲ್ಲಿ ಕೇಂದ್ರ ಸರ್ಕಾರ ಸ್ವಲ್ಪ ಮುಂದೆ ಬಂದಿದೆ ಎಂಬುದನ್ನು ಒಪ್ಪಬೇಕು. 2015ರ ಮಾರ್ಗಸೂಚಿಯಲ್ಲಿ ಟವರಿನ ಜಾಗಕ್ಕೆ ಭೂಮಿಯ ಬೆಲೆಯ ನೂರಕ್ಕೆ 85ರಷ್ಟು, ತಂತಿಯ ಪಟ್ಟೆಗೆ ಹೆಚ್ಚೆಂದರೆ ನೂರಕ್ಕೆ 15ರಷ್ಟು ಎಂದಿತ್ತು. 2024ರ ಜೂನಿನಲ್ಲಿ ಅದನ್ನು ಕ್ರಮವಾಗಿ ನೂರಕ್ಕೆ 200 ಮತ್ತು 30ಕ್ಕೆ ಏರಿಸಲಾಯಿತು. ಆದರೆ ಇದು ಮಾರ್ಗಸೂಚಿ. ಜಾರಿಗೆ ಬರಬೇಕಾದರೆ ರಾಜ್ಯಗಳು ಅಳವಡಿಸಿಕೊಳ್ಳಬೇಕು. ಅಲ್ಲದೆ ನೋಂದಣಿ ಕಛೇರಿಯ ಬೆಲೆಗೂ ಸಂತೆಯ ಬೆಲೆಗೂ ಇರುವ ಅಂತರ ಜಮೀನು ಕೊಂಡವರಿಗೆಲ್ಲ ಗೊತ್ತು. ಕಡಿಮೆ ಬೆಲೆಯನ್ನು ಎರಡರಿಂದ ಗುಣಿಸಿದರೂ ನಷ್ಟ ತುಂಬಿತೆಂದು ಹೇಳಲಾಗದು. ಎಲ್ಲೆಡೆಗೂ ಒಂದೇ ಸೂತ್ರ ಸಲ್ಲದು, ಭೂಮಿ ಎಲ್ಲಿದೆ, ತಂತಿ ಅದರ ಮೇಲೆ ಹೇಗೆ ಹಾದಿದೆ ಎಂಬುದನ್ನು ನೋಡಿ ಪರಿಹಾರ ನಿಶ್ಚಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2007ರಲ್ಲಿ ಕೇರಳ ವಿದ್ಯುತ್ ಮಂಡಳಿಯ ಒಂದು ಮೊಕದ್ದಮೆಯಲ್ಲಿ ಹೇಳಿದೆ. ಪಹಣಿಯಲ್ಲಿ ಹೆಸರಿಲ್ಲದೆ ವಾರಕ್ಕೆ ಉಳುವವನ ಮತ್ತು ಬಗರ್‌ಹುಕುಂ ಸಾಗುವಳಿದಾರನ ಗತಿ ಇನ್ನೂ ಕಷ್ಟ.

ಪರಿಹಾರ ಹೆಚ್ಚಾದರೆ ನಮ್ಮ ಬಿಲ್ಲು ಏರುವುದಿಲ್ಲವೇ ಎಂದು ಅಂಗಡಿಯ ಸ್ನೇಹಿತರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾರ್ಗದ ಖರ್ಚು ಕೊನೆಗೆ ಯೂನಿಟ್ಟಿನ ದರದಲ್ಲೇ ಸೇರುತ್ತದೆ. ಆದರೆ ಅದು ಲಕ್ಷಾಂತರ ಬಳಕೆದಾರರ ಮೇಲೆ ಹಂಚಿಹೋಗಿ ಒಬ್ಬೊಬ್ಬರ ಪಾಲಿಗೆ ಅತ್ಯಲ್ಪವಾಗುತ್ತದೆ. ಪರಿಹಾರ ಕೊಡದಿದ್ದರೆ ಖರ್ಚು ಮಾಯವಾಗುವುದಿಲ್ಲ. ಎರಡೆಕರೆಯ ರೈತನೊಬ್ಬನ ತಲೆಯ ಮೇಲೆ ಇಡಿಯಾಗಿ ಬೀಳುತ್ತದೆ. ನಮ್ಮ ದೀಪದ ಬೆಲೆಯನ್ನು ಅವನೊಬ್ಬನೇ ಕಟ್ಟಲಿ ಎನ್ನುವುದು ಯಾವ ನ್ಯಾಯ?

ಜನರನ್ನು ಕೊನೆಗೆ ಕೇಳುವುದರಿಂದ ಕೆಲಸ ಬೇಗ ಆಗುತ್ತದೆಂಬುದೂ ಸುಳ್ಳು. ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಸ್ಥಾವರ ಎದ್ದಿತು. ಮೊದಲನೆಯ ಘಟಕ 2010ರಲ್ಲೇ ಶುರುವಾಯಿತು. ಆ ಶಕ್ತಿಯನ್ನು ಘಟ್ಟ ಹತ್ತಿಸಿ ನಮ್ಮ ಹಾಸನದ ಶಾಂತಿಗ್ರಾಮಕ್ಕೆ ತರಬೇಕಾಗಿದ್ದ 400 ಕಿಲೋವೋಲ್ಟಿನ ಮಾರ್ಗವೇ ಸಿದ್ಧವಾಗಿರಲಿಲ್ಲ. ಕಾಡಿನ ಅನುಮತಿ, ಭೂಮಿಯ ತಕರಾರು ಎಂದು ಕಾಲ ಸರಿಯಿತು. ಕೊಡಗಿನಲ್ಲಿ ಇನ್ನೊಂದು ರೀತಿ ಆಯಿತು. ಮೈಸೂರಿನಿಂದ ಕೋಳಿಕ್ಕೋಡಿಗೆ ಹೋಗುವ 400 ಕಿಲೋವೋಲ್ಟಿನ ಮಾರ್ಗಕ್ಕಾಗಿ ಅಲ್ಲಿ ಹತ್ತಾರು ಸಾವಿರ ಮರಗಳ ಪ್ರಶ್ನೆ ಎದ್ದಿತು. ಜನ ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಆದರೂ 2015ರಲ್ಲಿ ಮಾರ್ಗ ಮುಗಿದೇ ಹೋಯಿತು. ಒಂದು ಕಡೆ ಕರೆಂಟು ತಡವಾಯಿತು, ಇನ್ನೊಂದು ಕಡೆ ಮರಗಳು ಹೋದವು.

ಆದುದರಿಂದ ಮಾತನಾಡಬೇಕಾದ ಕಾಲ ಯಾವುದೆಂದು ತಿಳಿದಿರಬೇಕು. ಗೂಟ ನೆಟ್ಟ ಮೇಲೆ ಉಳಿಯುವುದು ಪರಿಹಾರದ ಚೌಕಾಸಿ ಮಾತ್ರ. ಮಾರ್ಗ ಇನ್ನೂ ನಕ್ಷೆಯ ಮೇಲೆ ಗೆರೆಯಾಗಿರುವಾಗ ಎರಡು ಮೂರು ದಾರಿಗಳನ್ನು ಹೋಲಿಸಿ ನೋಡುತ್ತಾರೆ. ನೇರ ಗೆರೆ ಅಗ್ಗ. ಪ್ರತಿ ತಿರುವಿಗೂ ಗಟ್ಟಿಯಾದ, ಭಾರವಾದ ಟವರು ಬೇಕು. ಹಾಗಿದ್ದೂ ಗೆರೆ ಎಲ್ಲೋ ಬಾಗಿದ್ದರೆ ಯಾರ ತೋಟವನ್ನು ಉಳಿಸಲು ಬಾಗಿತು, ಯಾರ ಗದ್ದೆಗೆ ಬಂದು ಬಿತ್ತು ಎಂದು ಕೇಳುವ ಹಕ್ಕು ನಮಗುಂಟು. ಪತ್ರಿಕೆಯ ಮೂಲೆಯಲ್ಲಿ ಬರುವ ಪ್ರಕಟಣೆಯನ್ನು ಓದುವವರು, ಆಕ್ಷೇಪಣೆಯ ಅವಧಿ ಮುಗಿಯುವ ಮೊದಲು ಊರಿಗೆ ಸುದ್ದಿ ಮುಟ್ಟಿಸುವವರು ಬೇಕು. ಈ ಕೆಲಸವನ್ನು ಪೇಟೆಯಲ್ಲಿರುವ ಕಾರ್ಮಿಕರೂ ವರ್ತಕರೂ ಚೆನ್ನಾಗಿ ಮಾಡಬಲ್ಲರು.

ನಮ್ಮ ಬೇಡಿಕೆಗಳು ಇವು. ಸರ್ವೆಗೆ ಮೊದಲು ಮಾರ್ಗದ ನಕ್ಷೆಯನ್ನೂ ಕೈಬಿಟ್ಟ ದಾರಿಗಳ ನಕ್ಷೆಯನ್ನೂ ಪಂಚಾಯಿತಿ ಕಛೇರಿಯಲ್ಲಿ ಕನ್ನಡದಲ್ಲಿ ಅಂಟಿಸಬೇಕು. ಗ್ರಾಮಸಭೆ ಕರೆದು ಎಂಜಿನಿಯರುಗಳು ಖುದ್ದಾಗಿ ಉತ್ತರ ಕೊಡಬೇಕು. ಮರ ಕಡಿಯುವ ಮೊದಲೇ ಪರಿಹಾರದ ಹಣ ರೈತನ ಕೈಸೇರಬೇಕು. ಫಲ ಕೊಡುವ ಮರಕ್ಕೆ ಅದರ ಮುಂದಿನ ವರ್ಷಗಳ ಫಲವನ್ನೂ ಲೆಕ್ಕ ಹಿಡಿಯಬೇಕು. ವಾರದಾರನಿಗೂ, ಕೆಲಸ ಕಳೆದುಕೊಳ್ಳುವ ಕೂಲಿಗಾರನಿಗೂ ಅದರಲ್ಲಿ ಪಾಲಿರಬೇಕು.

ಸರ್ಕಾರ ಸಭೆ ಕರೆಯುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಗ್ರಾಮಸಭೆಯಲ್ಲಿ ನಾವೇ ನಿರ್ಣಯ ಮಾಡಿ ಜಿಲ್ಲಾಧಿಕಾರಿಗೆ ಕಳಿಸಬಹುದು. 2005ರ ಮಾಹಿತಿ ಹಕ್ಕು ಕಾನೂನಿನ ಕೆಳಗೆ ನಕ್ಷೆ ಕೇಳಿ ಅರ್ಜಿ ಹಾಕಬಹುದು. ಆ ಅರ್ಜಿಗೆ ತಂತಿಯ ಕೆಳಗಿನ ರೈತನೊಬ್ಬನೇ ರುಜು ಹಾಕಿದರೆ ಅದು ಅವನ ತಕರಾರು ಎನ್ನಿಸಿಕೊಳ್ಳುತ್ತದೆ. ಗಿರಣಿಯವರೂ ಅಂಗಡಿಯವರೂ ಜೊತೆಗೆ ರುಜು ಹಾಕಿದರೆ ಅದನ್ನು ಮೂಲೆಗೆ ಎಸೆಯುವುದು ಯಾವ ಅಧಿಕಾರಿಗೂ ಸುಲಭವಲ್ಲ. ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.